ಬಣ್ಣ ಹಲವು, ದನಿ ಒಂದೇ

(ಚೆನ್ನೈನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸುದ್ದಿಮಾಧ್ಯಮಗಳ ರಾಜಕೀಯ ಪಕ್ಷಪಾತದ ಬಗ್ಗೆ ಮಾತಾಡಬೇಕು ಎಂದು ಸಂಘಟಕರು ಹೇಳಿದಾಗ, ಈ ಊರಿನಲ್ಲಿ ಅದರ ಬಗ್ಗೆ ಹೊಸದಾಗಿ ಹೇಳುವುದು ಏನಿದೆ ಎಂದುಕೊಂಡೆ. ಚೆನ್ನೈಯಲ್ಲಿ ಟಿವಿ ಹಾಕುವ ಯಾರಿಗಾದರೂ ಯಾವ ಚಾನೆಲ್ ಯಾವ ಪಕ್ಷದ್ದು ಎಂಬುದು ಗೊತ್ತು. ಕಿರಾಣಿ ಅಂಗಡಿಯ ಹುಡುಗನಿಗೂ ಗೊತ್ತು, ಆಟೋದವರಿಗೂ ಗೊತ್ತು. ಬೆಂಗಳೂರಿನಿಂದ ಬಂದ ನೆಂಟರಿಗೆ ಮಾತ್ರ ಇದು ಸೋಜಿಗ. ಆದರೆ ಯೋಚಿಸುತ್ತ ಹೋದ ಹಾಗೆ ನನ್ನನ್ನು ಕಾಡಿದ್ದು ಪಕ್ಷಪಾತವಲ್ಲ. ಇಷ್ಟೊಂದು ಪಕ್ಷಗಳು, ಇಷ್ಟೊಂದು ಚಾನೆಲ್‌ಗಳು ಇದ್ದೂ ಕೆಲವು ವಿಷಯಗಳಲ್ಲಿ ಎರಡನೆಯ ಅಭಿಪ್ರಾಯವೇ ಹುಟ್ಟುವುದಿಲ್ಲವಲ್ಲ, ಅದು ಕಾಡಿತು. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮದ್ರಾಸಿನಲ್ಲಿ ಹಲವು ಪತ್ರಿಕೆಗಳು ಹುಟ್ಟಿದ್ದೇ ಪಕ್ಷ ಹಿಡಿಯುವುದಕ್ಕೆ. 1878ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರ್ ಅವರನ್ನು ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನೇಮಿಸಿದಾಗ ಬಿಳಿಯರ ಒಡೆತನದ ಪತ್ರಿಕೆಗಳು ಹುಯಿಲೆಬ್ಬಿಸಿದವು. ಅದಕ್ಕೆ ಉತ್ತರ ಕೊಡಬೇಕೆಂದು ತಿರುವಲ್ಲಿಕೇಣಿಯ ಆರು ಮಂದಿ ಯುವಕರು ಒಂದು ರೂಪಾಯಿ ಹನ್ನೆರಡಾಣೆ ಸಾಲ ಮಾಡಿ 80 ಪ್ರತಿ ಅಚ್ಚು ಹಾಕಿಸಿದರು. ಅದೇ ‘ದಿ ಹಿಂದೂ’. ವಾರಪತ್ರಿಕೆಯಾಗಿ 1878ರ ಸೆಪ್ಟೆಂಬರ್ 20ರಂದು ಹೊರಬಂತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಗುಂಪಿನ ಜಿ. ಸುಬ್ರಹ್ಮಣ್ಯ ಅಯ್ಯರ್ ತಮಿಳಿನಲ್ಲಿ ‘ಸ್ವದೇಶಮಿತ್ರನ್’ ಶುರುಮಾಡಿದರು. ಇಂಗ್ಲಿಷ್ ಬಾರದವರಿಗೂ ರಾಜಕೀಯ ತಲುಪಬೇಕು ಎಂಬುದು ಅವರ ಹಟ.

ಆ ಪತ್ರಿಕೆಗಳು ತಮ್ಮ ದನಿಯಲ್ಲ ಎಂದು ಇನ್ನೊಂದು ಗುಂಪಿಗೆ ಅನ್ನಿಸಿತು. ಹುದ್ದೆಗಳೆಲ್ಲ ಬ್ರಾಹ್ಮಣರ ಪಾಲಾಗುತ್ತಿವೆ ಎಂಬ ದೂರನ್ನು ಕಾಂಗ್ರೆಸ್ ಒಲವಿನ ಪತ್ರಿಕೆಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ಅವರ ಸಿಟ್ಟು. 1917ರ ಫೆಬ್ರವರಿಯಲ್ಲಿ ಡಾ. ಟಿ. ಎಂ. ನಾಯರ್ ಅವರ ಸಂಪಾದಕತ್ವದಲ್ಲಿ ‘ಜಸ್ಟಿಸ್’ ಹೊರಟಿತು. ತಮಿಳಿಗೆ ‘ದ್ರಾವಿಡನ್’, ತೆಲುಗಿಗೆ ‘ಆಂಧ್ರ ಪ್ರಕಾಶಿಕ’. ಈ ಗುಂಪು ಕಟ್ಟಿದ ಸಂಘಟನೆಯ ನಿಜವಾದ ಹೆಸರು ದಕ್ಷಿಣ ಭಾರತ ಲಿಬರಲ್ ಫೆಡರೇಶನ್. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಜನ ಪತ್ರಿಕೆಯ ಹೆಸರನ್ನೇ ಪಕ್ಷಕ್ಕೆ ಇಟ್ಟುಬಿಟ್ಟರು, ಜಸ್ಟಿಸ್ ಪಕ್ಷ. ಪಕ್ಷಕ್ಕೊಂದು ಪತ್ರಿಕೆ ಇರುವುದು ಎಲ್ಲ ಕಡೆ ಇದೆ. ಪತ್ರಿಕೆಯಿಂದ ಪಕ್ಷಕ್ಕೆ ಹೆಸರು ಬಂದ ಊರು ಇದು.

ಆಮೇಲೆ 1925ರಲ್ಲಿ ಪೆರಿಯಾರರ ‘ಕುಡಿ ಅರಸು’, 1942ರಲ್ಲಿ ಕರುಣಾನಿಧಿಯವರ ‘ಮುರಸೊಲಿ’. ಇವು ಯಾವುವೂ ತಾವು ನಿಷ್ಪಕ್ಷಪಾತಿಗಳು ಎಂದು ಹೇಳಿಕೊಳ್ಳಲಿಲ್ಲ. ಹೇಳಿಕೊಂಡಿದ್ದರೆ ಓದುಗ ನಗುತ್ತಿದ್ದ.

ಈ ಬಹಿರಂಗ ಪಕ್ಷಪಾತದ ಬಗ್ಗೆ ನನಗೆ ಅಂಥ ತಕರಾರಿಲ್ಲ. ನಮ್ಮ ಕರ್ನಾಟಕದ ಕಡೆ ನೋಡಿ. ‘ವಿಜಯ ಕರ್ನಾಟಕ’ ಕಟ್ಟಿದ ವಿಜಯ ಸಂಕೇಶ್ವರರು ಬಿಜೆಪಿ ಸಂಸದರಾಗಿದ್ದವರು. ಸುವರ್ಣ ಸುದ್ದಿವಾಹಿನಿಯ ಒಡೆತನ ಹೊಂದಿದ್ದ ರಾಜೀವ್ ಚಂದ್ರಶೇಖರ್ ರಾಜ್ಯಸಭೆಯಲ್ಲಿದ್ದವರು. ಕಸ್ತೂರಿ ವಾಹಿನಿ ಕುಮಾರಸ್ವಾಮಿಯವರ ಕುಟುಂಬ ಶುರುಮಾಡಿದ್ದು. ಆದರೆ ಪರದೆಯ ಮೇಲೆ, ಪುಟದ ಮೇಲೆ ಪ್ರತಿಯೊಬ್ಬರೂ ಹೇಳಿಕೊಳ್ಳುವುದು ನೇರ, ದಿಟ್ಟ, ನಿಷ್ಪಕ್ಷಪಾತ ಎಂಬ ಧಾಟಿಯಲ್ಲೇ. ಬಣ್ಣ ಹಚ್ಚಿಕೊಂಡು ಎದುರಿಗೆ ನಿಲ್ಲುವವನಿಗಿಂತ ಬಣ್ಣವೇ ಇಲ್ಲ ಎನ್ನುವವನ ಬಗ್ಗೆ ಓದುಗ ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ.

ಆದರೂ ಬಹಿರಂಗ ಪಕ್ಷಪಾತಕ್ಕೆ ಒಂದು ಷರತ್ತಿದೆ. ಎರಡೂ ಕಡೆಯದು ಮನೆಗೆ ಬರಬೇಕು.

2001ರ ಜೂನ್ 30ರ ಬೆಳಗು ಇಲ್ಲಿರುವ ಹಿರಿಯರಲ್ಲಿ ಹಲವರಿಗೆ ನೆನಪಿರುತ್ತದೆ. ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಜಯಲಲಿತಾ ಸರ್ಕಾರದ ಪೊಲೀಸರು ಆಲಿವರ್ ರಸ್ತೆಯ ಮನೆಗೆ ನುಗ್ಗಿ ಮೇಲ್ಸೇತುವೆ ಪ್ರಕರಣದಲ್ಲಿ 77 ವರ್ಷದ ಕರುಣಾನಿಧಿಯವರನ್ನು ಬಂಧಿಸಿದರು. ಡಿಎಂಕೆ ಕಡೆಯ ಸನ್ ಟಿವಿಯಲ್ಲಿ ಆ ದೃಶ್ಯ ಮತ್ತೆ ಮತ್ತೆ ಬಂತು. ಮುದುಕನನ್ನು ಎಳೆದಾಡುವ ಕೈಗಳು, ಕೊಲ್ಲುತ್ತಿದ್ದಾರೆ ಎಂಬ ಕೂಗು. ದೇಶವೆಲ್ಲ ಅದನ್ನು ನೋಡಿತು. ಆಮೇಲೆ ಜಯಲಲಿತಾ ಕಡೆಯ ಜಯಾ ಟಿವಿಯಲ್ಲಿ ಬೇರೆ ದೃಶ್ಯ ಬಂತು. ಅದು ಪೊಲೀಸರು ತೆಗೆದದ್ದು. ಕೇಂದ್ರ ಸಚಿವರಾಗಿದ್ದ ಮುರಸೊಲಿ ಮಾರನ್ ಮತ್ತು ಟಿ. ಆರ್. ಬಾಲು ಪೊಲೀಸರೊಂದಿಗೆ ತಳ್ಳಾಟಕ್ಕೆ ಇಳಿದಿದ್ದದ್ದು ಅದರಲ್ಲಿತ್ತು. ಒಂದೇ ರಾತ್ರಿ, ಒಂದೇ ಮನೆ, ಎರಡು ಕ್ಯಾಮೆರಾ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಯಾರು ಎಲ್ಲಿಂದ ಶುರುಮಾಡಿ ಎಲ್ಲಿ ಕತ್ತರಿಸಿದರು ಎಂಬುದರಲ್ಲಿ ರಾಜಕೀಯ ಇತ್ತು. ಎರಡನ್ನೂ ನೋಡಿದವರಿಗೆ ಆ ರಾತ್ರಿ ನಡೆದದ್ದು ಹೆಚ್ಚುಕಡಿಮೆ ಅರ್ಥವಾಯಿತು.

ಹಾಗಾದರೆ ಎರಡನ್ನೂ ನೋಡುವ ಅನುಕೂಲ ಯಾರ ಕೈಯಲ್ಲಿದೆ? ಈ ಪ್ರಶ್ನೆ ಮದ್ರಾಸಿಗೆ ಹೊಸದೇನಲ್ಲ. 1950ರಲ್ಲಿ ಮದ್ರಾಸ್ ಸರ್ಕಾರ ಮುಂಬಯಿಯ ‘ಕ್ರಾಸ್ ರೋಡ್ಸ್’ ಎಂಬ ಎಡಪಂಥೀಯ ವಾರಪತ್ರಿಕೆ ರಾಜ್ಯದೊಳಗೆ ಬಾರದಂತೆ ತಡೆಯಿತು. ಸಂಪಾದಕ ರೊಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನ ಜಾರಿಗೆ ಬಂದು ನಾಲ್ಕೇ ತಿಂಗಳು. ಬರೆಯುವ ಸ್ವಾತಂತ್ರ್ಯದಲ್ಲಿ ಬರೆದದ್ದನ್ನು ಹಂಚುವ ಸ್ವಾತಂತ್ರ್ಯವೂ ಸೇರಿದೆ ಎಂದು ನ್ಯಾಯಾಲಯ ತೀರ್ಪು ಕೊಟ್ಟು ನಿಷೇಧವನ್ನು ರದ್ದು ಮಾಡಿತು. ಮರುವರ್ಷವೇ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹಿಗ್ಗಿಸಿತು. ಅದಕ್ಕೆ ಕಾರಣವಾದ ಪ್ರಕರಣಗಳಲ್ಲಿ ಇದೂ ಒಂದು.

ಟಿವಿ ಕಾಲದಲ್ಲಿ ಹಂಚಿಕೆ ಎಂದರೆ ಕೇಬಲ್. ಅದರ ರಾಜಕೀಯ ಬಯಲಿಗೆ ಬಿದ್ದದ್ದು 2007ರಲ್ಲಿ. ಆ ವರ್ಷ ಮೇ 9ರಂದು ಕರುಣಾನಿಧಿಯವರ ಸೋದರಳಿಯ ಮುರಸೊಲಿ ಮಾರನ್ ಅವರ ಮಕ್ಕಳ ‘ದಿನಕರನ್’ ಪತ್ರಿಕೆ ಒಂದು ಸಮೀಕ್ಷೆ ಪ್ರಕಟಿಸಿತು. ಕರುಣಾನಿಧಿಯವರ ನಂತರ ಯಾರು ಎಂಬ ಪ್ರಶ್ನೆ. ಅವರ ಮಕ್ಕಳಲ್ಲಿ ಸ್ಟಾಲಿನ್ ಅವರಿಗೆ ಶೇ. 70, ಅಳಗಿರಿಯವರಿಗೆ ಶೇ. 2. ಅಂದೇ ಮದುರೈಯಲ್ಲಿ ಪತ್ರಿಕೆಯ ಕಚೇರಿಗೆ ಬೆಂಕಿ ಬಿತ್ತು. ಮೂವರು ನೌಕರರು ಸತ್ತರು. ಸಮೀಕ್ಷೆ ಮಾಡಿದವರಲ್ಲ, ಅದನ್ನು ಬರೆದವರಲ್ಲ, ಕಚೇರಿಯಲ್ಲಿ ಕೆಲಸಕ್ಕಿದ್ದವರು. ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. 2019ರಲ್ಲಿ ಹೈಕೋರ್ಟಿನ ಮದುರೈ ಪೀಠ ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪಕ್ಷದ ಪತ್ರಿಕೆ ಪಕ್ಷದೊಳಗಿನ ಜಗಳವನ್ನು ಅಂಕಿಯಲ್ಲಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದಾರುಣ ಉದಾಹರಣೆ ನನಗೆ ತಿಳಿದಿಲ್ಲ.

ಅದರ ನಂತರದ್ದೂ ಪಾಠದಂತಿದೆ. ಅಲ್ಲಿಯವರೆಗೆ ಡಿಎಂಕೆಯ ಕೇಂದ್ರ ಕಚೇರಿ ಅಣ್ಣಾ ಅರಿವಾಲಯದಲ್ಲೇ ಸನ್ ಟಿವಿ ಇತ್ತು. ಮನೆ ಒಡೆಯಿತು. ಸೆಪ್ಟೆಂಬರಿನಲ್ಲಿ ಕರುಣಾನಿಧಿ ಕುಟುಂಬದ ಕಲೈಂಜ್ಞರ್ ಟಿವಿ ಬಂತು. ಚೆನ್ನೈಯ ಕೇಬಲ್ ಮೇಲೆ ಮಾರನ್ ಕುಟುಂಬದ ಸುಮಂಗಲಿ ಕೇಬಲ್ ವಿಷನ್ ಹಿಡಿತ ಇದ್ದುದರಿಂದ ಕರುಣಾನಿಧಿ ಸರ್ಕಾರ ಅಕ್ಟೋಬರಿನಲ್ಲಿ ಅರಸು ಕೇಬಲ್ ನಿಗಮವನ್ನೇ ಸ್ಥಾಪಿಸಿತು. 2008ರ ಕೊನೆಗೆ ಕುಟುಂಬ ಒಂದಾಯಿತು, ನಿಗಮ ಮೂಲೆ ಸೇರಿತು. 2011ರಲ್ಲಿ ಅಧಿಕಾರಕ್ಕೆ ಬಂದ ಜಯಲಲಿತಾ ಅದಕ್ಕೆ ಮತ್ತೆ ಜೀವ ತುಂಬಿ ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಡಿಸಿದರು. ಬಡವರಿಗೆ ಅಗ್ಗದ ಟಿವಿ ಸಿಕ್ಕಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಯಾವ ಸುದ್ದಿ ಮನೆಗೆ ಹೋಗಬೇಕು ಎಂಬ ಸ್ವಿಚ್ಚು ಸುದ್ದಿಗೆ ಹೆದರುವವರ ಕೈಗೇ ಬಂತು. ಪಕ್ಷಗಳೂ ಸರ್ಕಾರಗಳೂ ಈ ವ್ಯವಹಾರಕ್ಕೆ ಇಳಿಯಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿತ್ತು. ಯಾರೂ ಕೇಳಲಿಲ್ಲ.

ಹೊರದೇಶಗಳಲ್ಲಿ ಇದಕ್ಕಿಂತ ಚೆನ್ನಾಗಿದೆ ಎಂದು ನಮ್ಮಲ್ಲಿ ಒಂದು ನಂಬಿಕೆ. ಮಕ್ಕಳು ಟೊರೊಂಟೊದಲ್ಲಿರುವ ಎಷ್ಟೋ ಮನೆಗಳು ಈ ಊರಿನಲ್ಲಿರುವುದರಿಂದ ಕೆನಡಾದ ಮಾತು ಒಂದೆರಡು ಹೇಳುತ್ತೇನೆ. 2015ರ ಸಾರ್ವತ್ರಿಕ ಚುನಾವಣೆಯಲ್ಲಿ ಪೋಸ್ಟ್‌ಮೀಡಿಯ ಎಂಬ ದೊಡ್ಡ ಸಮೂಹ ತನ್ನ ಪತ್ರಿಕೆಗಳಿಂದ ಕನ್ಸರ್ವೇಟಿವ್ ಪಕ್ಷಕ್ಕೆ ಬೆಂಬಲ ಬರೆಸಿತು. ಅದೇ ಸಮೂಹದ ‘ನ್ಯಾಷನಲ್ ಪೋಸ್ಟ್’ನಲ್ಲಿ ಅಭಿಪ್ರಾಯ ಪುಟಗಳ ಸಂಪಾದಕರಾಗಿದ್ದ ಆಂಡ್ರೂ ಕಾಯ್ನ್ ಬೇರೆ ನಿಲುವಿನ ಅಂಕಣ ಬರೆದರು. ಅದನ್ನು ಹಾಕಲಿಲ್ಲ. ಅವರು ಸಂಪಾದಕತ್ವ ಬಿಟ್ಟು ಬರಿಯ ಅಂಕಣಕಾರರಾಗಿ ಉಳಿದರು. ‘ಗ್ಲೋಬ್ ಅಂಡ್ ಮೇಲ್’ ಪತ್ರಿಕೆಯದ್ದು ಇನ್ನೂ ತಮಾಷೆ. ಪಕ್ಷ ಗೆಲ್ಲಲಿ, ಆದರೆ ಅದರ ನಾಯಕ ಹಾರ್ಪರ್ ಹೋಗಲಿ ಎಂದು ಬರೆಯಿತು. 2023ರಲ್ಲಿ ಸುದ್ದಿಗೆ ದುಡ್ಡು ಕೊಡಬೇಕೆಂಬ ಕಾನೂನು ಬಂದಾಗ ಮೆಟಾ ಕಂಪನಿ ಕೆನಡಾದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಂದ ಸುದ್ದಿಯನ್ನೇ ತೆಗೆದುಹಾಕಿತು. ಅರಸು ಕೇಬಲ್ ಅಲ್ಲಿಲ್ಲ, ಸ್ವಿಚ್ಚು ಅಲ್ಲೂ ಇದೆ.

ಆದರೆ ಕೆನಡಾದ ಇನ್ನೊಂದು ವರ್ಷ ನನಗೆ ಇದಕ್ಕಿಂತ ಮುಖ್ಯ. 1995ರ ಅಕ್ಟೋಬರ್ 30ರಂದು ಕ್ವಿಬೆಕ್ ಪ್ರತ್ಯೇಕವಾಗಬೇಕೇ ಎಂಬ ಜನಮತಗಣನೆ ನಡೆಯಿತು. ಬೇಡ ಎಂದವರು ಶೇ. 50.58, ಬೇಕು ಎಂದವರು ಶೇ. 49.42. ಫ್ರೆಂಚರ ಅಳಿವು ಉಳಿವಿನ ಪ್ರಶ್ನೆ ಎಂದು ಬಿಂಬಿತವಾಗಿದ್ದ ಆ ದಿನಗಳಲ್ಲೂ ಫ್ರೆಂಚ್ ಪತ್ರಿಕೆಗಳು ಎರಡಾಗಿದ್ದವು. ‘ಲೆ ದವ್ವಾರ್’ ಪ್ರತ್ಯೇಕತೆಯ ಪರ, ‘ಲಾ ಪ್ರೆಸ್’ ಒಕ್ಕೂಟದ ಪರ. ಸ್ವಂತ ಭಾಷೆಯ ಓದುಗರಿಗೆ ಹಿಡಿಸದ ಮಾತನ್ನು ಅದೇ ಭಾಷೆಯಲ್ಲಿ, ಅದೇ ಊರಿನಿಂದ ಅಚ್ಚು ಹಾಕುವ ಒಂದು ದೊಡ್ಡ ಪತ್ರಿಕೆ ಅಲ್ಲಿತ್ತು.

ಈಗ ಕಾವೇರಿಗೆ ಬರೋಣ. ಇಷ್ಟು ಹೊತ್ತು ನಾನು ಸುತ್ತಿ ಬಳಸಿ ಬಂದದ್ದು ಅಲ್ಲಿಗೇ ಎಂದು ನಿಮಗೆ ಗೊತ್ತಾಗಿರಬೇಕು.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅಂತಿಮ ತೀರ್ಪು ಕೊಟ್ಟಿತು. 2007ರ ನ್ಯಾಯಮಂಡಳಿ ಐತೀರ್ಪಿನಲ್ಲಿ ತಮಿಳುನಾಡಿಗೆ 419 ಟಿಎಂಸಿ, ಕರ್ನಾಟಕಕ್ಕೆ 270 ಟಿಎಂಸಿ ಇತ್ತು. ಕೋರ್ಟು 14.75 ಟಿಎಂಸಿಯನ್ನು ತಮಿಳುನಾಡಿನ ಪಾಲಿನಿಂದ ತೆಗೆದು ಕರ್ನಾಟಕಕ್ಕೆ ಕೊಟ್ಟಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಹರಿಸಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. ಈ ಅಂಕಿ ಎರಡೂ ಭಾಷೆಯ ಪತ್ರಿಕೆಗಳಲ್ಲಿ ಸರಿಯಾಗಿಯೇ ಬಂತು. ಒಂದು ಕಡೆ ಗೆಲುವು, ಇನ್ನೊಂದು ಕಡೆ ಏಟು. ಅದೂ ಸಹಜ. ನಾನು ಹೇಳುವುದು 14.75ರ ಒಳಗೆ ಏನಿತ್ತು ಎಂಬುದನ್ನು.

ಅದರಲ್ಲಿ 10 ಟಿಎಂಸಿ ಬಂದದ್ದು ತಂಜಾವೂರು ಡೆಲ್ಟಾದ ಅಂತರ್ಜಲದ ಲೆಕ್ಕದಿಂದ. ಅಲ್ಲಿ 20 ಟಿಎಂಸಿ ಅಂತರ್ಜಲವಿದೆ, ಅದನ್ನು ನ್ಯಾಯಮಂಡಳಿ ಲೆಕ್ಕಕ್ಕೇ ಹಿಡಿದಿರಲಿಲ್ಲ, ಅರ್ಧದಷ್ಟಾದರೂ ಹಿಡಿಯಬಹುದು ಎಂಬ ವಾದ. ಉಳಿದ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರು. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಅದಕ್ಕೂ ಅರ್ಧ ನೀರು ಬೋರ್‌ವೆಲ್‌ನಿಂದ ಸಿಗುತ್ತದೆ ಎಂದು ನ್ಯಾಯಮಂಡಳಿ ಭಾವಿಸಿತ್ತು. ಕೋರ್ಟು ಅದನ್ನು ಒಪ್ಪಲಿಲ್ಲ. ಈಗ ನೋಡಿ: ಡೆಲ್ಟಾದ ರೈತನಿಗೆ ಅಂತರ್ಜಲ ಎತ್ತಲು ಪಂಪು ಬೇಕು, ಕಡಲ ಪಕ್ಕ ಹೆಚ್ಚು ಎತ್ತಿದರೆ ಉಪ್ಪು ನುಗ್ಗುತ್ತದೆ. ಇದು ಕನ್ನಡ ಓದುಗನಿಗೆ ಬೇಕಾದ ಸುದ್ದಿ. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿವೆ ಎಂಬುದು ತಮಿಳು ಓದುಗನಿಗೆ ಬೇಕಾದ ಸುದ್ದಿ. ಆದದ್ದು ಸಾಮಾನ್ಯವಾಗಿ ತಿರುಗುಮುರುಗು. ಬೋರ್‌ವೆಲ್ ಕಥೆ ಕನ್ನಡದಲ್ಲಿ ತುಂಬಿತು, ಉಪ್ಪಿನ ಕಥೆ ತಮಿಳಿನಲ್ಲಿ. ಗೊತ್ತಿದ್ದವರಿಗೆ ಗೊತ್ತಿದ್ದದ್ದನ್ನೇ ಹೇಳುವುದಕ್ಕೆ ಇಷ್ಟು ಪುಟಗಳು ಬೇಕೆ?

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳನ್ನು ಬಿಡಿಸಿದರೆ ಕೆಆರ್‌ಎಸ್ ಮಟ್ಟ ಕಾಣುತ್ತದೆ, ಗರಿಷ್ಠ 124.80 ಅಡಿ. ತಮಿಳು ಪತ್ರಿಕೆಯಲ್ಲಿ ಮೆಟ್ಟೂರು, ಗರಿಷ್ಠ 120 ಅಡಿ. ಎರಡನ್ನೂ ಒಂದೇ ಚೌಕದಲ್ಲಿ ಹಾಕುವುದನ್ನು ನಾನು ಕಂಡದ್ದು ಬಲು ಅಪರೂಪ. ಅಡಿಯ ಲೆಕ್ಕವೂ ಮೋಸದ್ದು, ಏಕೆಂದರೆ ಮೆಟ್ಟೂರು ತುಂಬಿದರೆ 93 ಟಿಎಂಸಿಗೂ ಮೀರಿ ನೀರು, ಕೆಆರ್‌ಎಸ್ ತುಂಬಿದರೆ 49ಕ್ಕೆ ಸ್ವಲ್ಪ ಮೇಲೆ. ಇನ್ನು ಕ್ಯೂಸೆಕ್. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು ಹತ್ತು ದಿನ 15,000 ಕ್ಯೂಸೆಕ್ ಬಿಡಿ ಎಂದಾಗ ಆ ಹದಿನೈದು ಸಾವಿರ ಎಂಬ ಅಂಕಿಯೇ ಬೆಂಗಳೂರಿನಲ್ಲಿ ಎದೆ ಝಲ್ಲೆನಿಸಿತು. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಲೆಕ್ಕ ಹಾಕಿದರೆ ಹತ್ತು ದಿನಕ್ಕೆ ಸುಮಾರು 13 ಟಿಎಂಸಿ. ಬರದ ವರ್ಷದಲ್ಲಿ 13 ಟಿಎಂಸಿ ಸಣ್ಣದಲ್ಲ, ಆದರೆ ಅದು ಕೂತು ಮಾತಾಡಬಹುದಾದ ಅಂಕಿ. ಹದಿನೈದು ಸಾವಿರ ಬೀದಿಗೆ ಇಳಿಸುವ ಅಂಕಿ.

ಆ ತಿಂಗಳ 12ನೇ ತಾರೀಕು ಏನಾಯಿತು ಎಂಬುದು ಈ ಸಭೆಗೆ ಗೊತ್ತು. ಬೆಂಗಳೂರಿನಲ್ಲಿ ತಮಿಳು ಯುವಕನೊಬ್ಬನಿಗೆ ಹೊಡೆದು ಕ್ಷಮೆ ಕೇಳಿಸಿದ ವಿಡಿಯೊ ತಮಿಳು ಪರದೆಗಳಲ್ಲಿ ಸುತ್ತಿತು. ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನಿಗೆ ಹೊಡೆದು ಕಾವೇರಿ ತಮಿಳುನಾಡಿನದು ಎಂದು ಹೇಳಿಸಿದ ವಿಡಿಯೊ ಕನ್ನಡ ಪರದೆಗಳಲ್ಲಿ ಸುತ್ತಿತು. ಇಲ್ಲಿ ಮೈಲಾಪುರದ ಬಳಿ ರಾಧಾಕೃಷ್ಣನ್ ರಸ್ತೆಯಲ್ಲಿರುವ ಕನ್ನಡಿಗರ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿಗೆ ಬೆಳಗಿನ ಜಾವ ಪೆಟ್ರೋಲ್ ಬಾಂಬ್ ಎಸೆದರು. ಬೆಂಗಳೂರಿನಲ್ಲಿ ಮಧ್ಯಾಹ್ನದ ಮೇಲೆ ನಾಯಂಡಹಳ್ಳಿ ಕಡೆ ತಮಿಳುನಾಡಿನ ಕೆಪಿಎನ್ ಬಸ್ ಸಂಸ್ಥೆಯ ಡಿಪೋದಲ್ಲಿ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟವು. ಪೊಲೀಸರ ಗುಂಡಿಗೆ ಒಬ್ಬ ಸತ್ತ. ದೃಶ್ಯಗಳನ್ನು ಮರುಪ್ರಸಾರ ಮಾಡಿ ಉರಿ ಹೆಚ್ಚಿಸಬೇಡಿ ಎಂದು ಕೇಂದ್ರ ಸರ್ಕಾರ ಚಾನೆಲ್‌ಗಳಿಗೆ ಸೂಚನೆ ಕೊಡಬೇಕಾಯಿತು.

ಆ ವಾರ ಸನ್ ಟಿವಿಗೂ ಜಯಾ ಟಿವಿಗೂ ಕಾವೇರಿಯ ಹಕ್ಕಿನ ವಿಷಯದಲ್ಲಿ ಏನಾದರೂ ವ್ಯತ್ಯಾಸವಿತ್ತೆ? ಹೋರಾಟದಲ್ಲಿ ಯಾರು ಮುಂದು, ಯಾರು ದ್ರೋಹ ಮಾಡಿದರು ಎಂಬುದರಲ್ಲಿ ಇತ್ತು. ಕರ್ನಾಟಕದಲ್ಲಿ ಕಾಂಗ್ರೆಸ್ ಪರ, ಬಿಜೆಪಿ ಪರ, ದಳದ ಪರ ಎನ್ನಿಸಿಕೊಂಡ ಮಾಧ್ಯಮಗಳಲ್ಲೂ ಅಷ್ಟೇ. ಎದುರು ದಡದ ರೈತನಿಗೂ ಒಂದು ನ್ಯಾಯ ಇರಬಹುದು ಎಂಬ ಮಾತನ್ನು ಎರಡೂ ಕಡೆ ಯಾವ ಪಕ್ಷವೂ ಆಡುವುದಿಲ್ಲ. ಪಕ್ಷ ಆಡದ ಮಾತನ್ನು ಪಕ್ಷದ ಚಾನೆಲ್ ಎಲ್ಲಿಂದ ಆಡೀತು? ಹತ್ತು ಚಾನೆಲ್ ಇದ್ದರೆ ಹತ್ತು ಅಭಿಪ್ರಾಯ ಎಂದು ನಾವು ಲೆಕ್ಕ ಹಾಕುತ್ತೇವೆ. ನದಿಯ ವಿಷಯದಲ್ಲಿ ಚೆನ್ನೈಯಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು, ಒಟ್ಟು ಎರಡೇ.

ಪಕ್ಷ ಯಾವುದೇ ಇರಲಿ, ನಡತೆ ಒಂದೇ ಆಗುವ ಇನ್ನೊಂದು ಜಾಗ ಶಾಸನಸಭೆ, ಹಕ್ಕುಚ್ಯುತಿಯ ಹೆಸರಿನಲ್ಲಿ ಸಂಪಾದಕರಿಗೆ ಸಜೆ ಕೊಡುವಾಗ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. 1987ರಲ್ಲಿ ಶಾಸಕರನ್ನೂ ಮಂತ್ರಿಗಳನ್ನೂ ಗೇಲಿ ಮಾಡಿದ ಮುಖಪುಟದ ನಗೆಹನಿಗಾಗಿ ‘ಆನಂದ ವಿಕಟನ್’ ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ತಮಿಳುನಾಡು ವಿಧಾನಸಭೆ ಮೂರು ತಿಂಗಳ ಸಜೆ ವಿಧಿಸಿತು. ಕೆಲವೇ ದಿನಗಳಲ್ಲಿ ಬಿಡುಗಡೆಯಾದ ಅವರು ಕೋರ್ಟಿಗೆ ಹೋಗಿ ಸಾವಿರ ರೂಪಾಯಿ ಪರಿಹಾರ ಪಡೆದರು. 2003ರ ನವೆಂಬರ್ 7ರಂದು ಒಂದು ಸಂಪಾದಕೀಯಕ್ಕಾಗಿ ‘ದಿ ಹಿಂದೂ’ ಪತ್ರಿಕೆಯ ಐವರಿಗೆ, ಅದರ ಅನುವಾದ ಹಾಕಿದ್ದಕ್ಕೆ ‘ಮುರಸೊಲಿ’ ಸಂಪಾದಕ ಸೆಲ್ವಂ ಅವರಿಗೆ ಹದಿನೈದು ದಿನದ ಸಜೆ. ಮೂರನೆಯ ದಿನ ಸುಪ್ರೀಂ ಕೋರ್ಟು ತಡೆಯಿತು. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ರವಿ ಬೆಳಗೆರೆ ಮತ್ತು ಇನ್ನೊಬ್ಬ ಸಂಪಾದಕರಿಗೆ ಒಂದು ವರ್ಷ ಸಜೆ, ಹತ್ತು ಸಾವಿರ ದಂಡ ಎಂದಿತು. ಎಂಜಿಆರ್ ಸರ್ಕಾರ, ಜಯಲಲಿತಾ ಸರ್ಕಾರ, ಸಿದ್ದರಾಮಯ್ಯ ಸರ್ಕಾರ. ಬೆಂಗಳೂರಿನ ಪ್ರಕರಣದಲ್ಲಿ ದೂರು ಕೊಟ್ಟವರು ಕಾಂಗ್ರೆಸ್ಸಿನವರೂ ಹೌದು, ಬಿಜೆಪಿಯವರೂ ಹೌದು. ಬೆಳಗೆರೆಯವರ ಬರವಣಿಗೆ ನಿಮಗೆ ಹಿಡಿಸದಿರಬಹುದು, ನನಗೂ ಎಲ್ಲವೂ ಹಿಡಿಸಿದ್ದಿಲ್ಲ. ದೂರುದಾರರೇ ನ್ಯಾಯಾಧೀಶರಾಗುವುದು ಮಾತ್ರ ಸರಿಯಲ್ಲ.

ಎರಡನೆಯ ಅಭಿಪ್ರಾಯ ಕಾವೇರಿಯಲ್ಲಿ ಹುಟ್ಟಲೇ ಇಲ್ಲವೆ ಎಂದು ಕೇಳಿದರೆ, ಹುಟ್ಟಿತು, ಇದೇ ಊರಿನಲ್ಲಿ. 2002ರ ಬರದ ಕಹಿ ಇನ್ನೂ ಆರಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ಅಡ್ಯಾರಿನ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಪ್ರೊ. ಎಸ್. ಜನಕರಾಜನ್ ಎರಡೂ ರಾಜ್ಯಗಳ ರೈತರನ್ನು ಚೆನ್ನೈಗೆ ಕರೆಸಿ ಎದುರುಬದುರು ಕೂರಿಸಿದರು. ತಮಿಳುನಾಡಿನ ಕಡೆಯಿಂದ ಮನ್ನಾರ್‌ಗುಡಿಯ ಎಸ್. ರಂಗನಾಥನ್. ನ್ಯಾಯಮಂಡಳಿ ಬೇಕೆಂದು 1983ರಲ್ಲೇ ಸುಪ್ರೀಂ ಕೋರ್ಟಿಗೆ ಹೋದ ಡೆಲ್ಟಾ ರೈತ ಸಂಘ ಅವರದ್ದು. ನಮ್ಮ ಕಡೆಯಿಂದ ಈ ಮಾತುಕತೆಯಲ್ಲಿ ಕೈಜೋಡಿಸಿದವರಲ್ಲಿ ಮಂಡ್ಯದ ಕೆ. ಎಸ್. ಪುಟ್ಟಣ್ಣಯ್ಯ. ಇದಕ್ಕೆ ಕಾವೇರಿ ಕುಟುಂಬ ಎಂಬ ಹೆಸರಾಯಿತು. ಮಂಡ್ಯದವರು ಡೆಲ್ಟಾಕ್ಕೆ ಹೋಗಿ ಒಣಗಿದ ಗದ್ದೆ ನೋಡಿದರು, ಡೆಲ್ಟಾದವರು ಕರ್ನಾಟಕಕ್ಕೆ ಹೋಗಿ ಬರಿದಾದ ಜಲಾಶಯ ನೋಡಿದರು. ವರ್ಷಗಟ್ಟಲೆ ಪತ್ರಿಕೆ ಓದಿದವರಿಗೆ ಸಿಗದ ಸುದ್ದಿ ಅವರಿಗೆ ಬಸ್ಸಿನಲ್ಲಿ ಹೋಗಿಬಂದದ್ದರಲ್ಲಿ ಸಿಕ್ಕಿತು. ಒಪ್ಪಂದವೇನೂ ಆಗಲಿಲ್ಲ. ಸರ್ಕಾರಗಳು ಅವರ ಮಾತಿಗೆ ಬೆಲೆ ಕೊಡಲಿಲ್ಲ, ಮಾಧ್ಯಮಗಳು ಕೆಲವು ದಿನ ಬರೆದು ಸುಮ್ಮನಾದವು. ಕಲ್ಲು ತೂರಿದ ಸುದ್ದಿ ಮುಖಪುಟಕ್ಕೆ, ಕೂತು ಮಾತಾಡಿದ ಸುದ್ದಿ ಒಳಪುಟಕ್ಕೆ ಎಂಬ ಪಕ್ಷಪಾತ ಎಲ್ಲ ಪಕ್ಷಗಳ ಪತ್ರಿಕೆಗಳಿಗೂ ಸಮಾನ.

ಚೆನ್ನೈ ಕನ್ನಡಿಗರಾದ ನಮ್ಮಲ್ಲಿ ಬಹಳ ಮಂದಿಗೆ ಎರಡು ಭಾಷೆಯೂ ಓದಲು ಬರುತ್ತದೆ. ಬೆಳಗ್ಗೆ ಫೋನಿನಲ್ಲಿ ‘ಪ್ರಜಾವಾಣಿ’, ಕಾಫಿ ಮುಗಿಯುವಷ್ಟರಲ್ಲಿ ‘ದಿನತಂತಿ’ ಅಥವಾ ‘ದಿನಮಣಿ’. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೂ ಇಲ್ಲದ ಅನುಕೂಲ ಇದು. ಇಷ್ಟು ವರ್ಷ ಇದನ್ನು ನಾವು ಬಾಯಿ ಮುಚ್ಚಿಕೊಂಡಿರಲು ಬಳಸಿದ್ದೇವೆ. ಗಲಾಟೆಯ ವರ್ಷ ಬಂದರೆ ಸಂಘದ ಬೋರ್ಡಿನ ಮೇಲೆ ಬಟ್ಟೆ ಹೊದಿಸಿ ಒಳಗೆ ಕೂರುತ್ತೇವೆ. ಹೆದರಿಕೆಗೆ ಕಾರಣವಿದೆ, ಹೋಟೆಲಿನ ಗಾಜು ಒಡೆದದ್ದನ್ನು ನೋಡಿದ್ದೇವೆ. ಆದರೂ ನಮ್ಮಿಂದ ಆಗುವ ಒಂದು ಕೆಲಸ ಇದೆ.

ಈ ಊರಿನ ಕನ್ನಡ ಸಂಘಗಳಿಗೆ, ಕನ್ನಡ ವಿದ್ಯಾರ್ಥಿಗಳಿಗೆ ನನ್ನ ಬಿನ್ನಹ ಇಷ್ಟೆ. ಮುಂದಿನ ಜೂನ್‌ನಿಂದ ಪ್ರತಿ ವಾರ ಒಂದೇ ಒಂದು ಹಾಳೆ ತೆಗೆಯಿರಿ, ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತಮಿಳು. ಅದರಲ್ಲಿ ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ, ಮೆಟ್ಟೂರು, ಐದೂ ಜಲಾಶಯಗಳಲ್ಲಿ ಇರುವ ನೀರನ್ನು ಅಡಿಯಲ್ಲಲ್ಲ, ಟಿಎಂಸಿಯಲ್ಲಿ ಬರೆಯಿರಿ. ಬಿಳಿಗುಂಡ್ಲುವಿನಲ್ಲಿ ಆ ವಾರ ಹರಿದದ್ದು ಎಷ್ಟು, ತೀರ್ಪಿನ ಪ್ರಕಾರ ಹರಿಯಬೇಕಾದದ್ದು ಎಷ್ಟು ಎಂದು ಪಕ್ಕಪಕ್ಕ ಬರೆಯಿರಿ. ಅಭಿಪ್ರಾಯ ಬೇಡ, ಸಂಪಾದಕೀಯ ಬೇಡ. ಅದನ್ನು ಬೆಂಗಳೂರಿನ ಐದು ಪತ್ರಿಕೆಗಳಿಗೂ ಚೆನ್ನೈಯ ಐದು ಪತ್ರಿಕೆಗಳಿಗೂ ಕಳಿಸಿ. ಮೊದಲ ವರ್ಷ ಯಾರೂ ಹಾಕಲಿಕ್ಕಿಲ್ಲ. ಆದರೂ ಕಳಿಸುತ್ತಿರಿ. ಹಾಳೆಯ ಅಚ್ಚಿನ ಖರ್ಚಿಗೆ ಈ ಉಪನ್ಯಾಸದ ಗೌರವಧನವನ್ನು ನಾನು ಇಲ್ಲೇ ಬಿಟ್ಟು ಹೋಗುತ್ತಿದ್ದೇನೆ.